ಬರಿಗೈ ಬಾಗಿಲು

ನವನಗರ, ಸೆಕ್ಟರ್ ಎಪ್ಪತ್ತೊಂದು
ರೊಟ್ಟಿ ನಾಲ್ಕು ಲಕ್ಷ ಮೂವತ್ತು ಸಾವಿರ, ಬೆಳಗ್ಗೆ

ಮೇಲಿರುವುದು ತಾರೀಖು. ಅದು ನಿಮಗೆ ತಾರೀಖಿನಂತೆ ಕಾಣದಿದ್ದರೆ ಕ್ಷಮಿಸಬೇಕು. ನಿಮ್ಮ ಕಾಲದವರು ದಿನಗಳಿಗೆ ಅಂಕಿಯನ್ನೂ ತಿಂಗಳುಗಳಿಗೆ ಹೆಸರನ್ನೂ ಕೊಡುತ್ತಿದ್ದರೆಂದು ಓದಿದ್ದೇನೆ. ನಾವು ಒಂದು ಜೋಳದ ರೊಟ್ಟಿಯ ಬೆಲೆಯಿಂದ ದಿನವನ್ನು ಗುರುತಿಸುತ್ತೇವೆ. ಆ ಬೆಲೆ ಒಂದೇ ದಿಕ್ಕಿಗೆ ನಡೆಯುವುದರಿಂದ, ಒಮ್ಮೆ ದಾಟಿದ ಅಂಕಿ ಮತ್ತೆಂದೂ ಬಾರದಿರುವುದರಿಂದ, ಇದು ಗೊಂದಲವಿಲ್ಲದ ಪಂಚಾಂಗ. ನಾನು ಹುಟ್ಟಿದ್ದು ರೊಟ್ಟಿ ಆರಕ್ಕಿದ್ದಾಗ. ನನ್ನ ಮದುವೆ ಎಂಬತ್ತರಲ್ಲಿ ಆಯಿತು, ಗಂಡ ಬಿಟ್ಟುಹೋದದ್ದು ಎಂಬತ್ತೆರಡರಲ್ಲಿ. ಸಂಜೆಯ ಹೊತ್ತಿಗೆ ಇವತ್ತಿನ ತಾರೀಖೂ ಬದಲಾಗಿರುತ್ತದೆ. ಮುಗಿಸುವಾಗ ಹೊಸದನ್ನು ಬರೆಯುತ್ತೇನೆ. ಮುಂದೆ ಬರುವ ಇನ್ನು ಕೆಲವು ಪದಗಳೂ ನಿಮ್ಮ ಕಿವಿಗೆ ಒರಟಾಗಿ ಕೇಳಬಹುದು. ಬಂದಾಗ ಬಂದಲ್ಲಿ ವಿವರಿಸುತ್ತೇನೆ.

ನೀವು ಈಗ ಸಂಜೆ ಬೇಸರ ಕಳೆಯಲು ಆಡುತ್ತಿರುವ ಏಳುಕೋಟೆ ಎಂಬ ಆಟ ನಮ್ಮ ಕಾಲದವರೆಗೂ ಉಳಿದಿದೆ. ನಾವು ಇರುವುದು, ಉಣ್ಣುವುದು, ಸಾಯುವುದು ನವನಗರದಲ್ಲಿ. ಸುತ್ತಲಿನ ಊರುಗಳಲ್ಲೆಲ್ಲ ಹಳೆಯದಾದ ಊರು ಇದೇ ಆದರೂ ಹೆಸರನ್ನು ಬದಲಿಸುವ ಕಷ್ಟವನ್ನು ಯಾರೂ ತೆಗೆದುಕೊಂಡಿಲ್ಲ. ಆದರೆ ದುಡಿಯುವುದು ಏಳುಕೋಟೆಯಲ್ಲಿ. ಬೆಳಗಿನ ನೀರು ಹಿಡಿದ ಮೇಲೆ ಪ್ರತಿ ಮನೆಯಲ್ಲೂ ಯಾರಾದರೊಬ್ಬರು ಗವಸು ತೊಟ್ಟು ಕೂರುತ್ತಾರೆ. ಗವಸು ಎಂದರೆ ಬೆರಳಿನಿಂದ ಮೊಣಕೈವರೆಗೆ ಬರುವ ತೆಳ್ಳನೆಯ ಹೊದಿಕೆ. ಅದನ್ನು ತೊಟ್ಟ ಕೈಗೆ ಆಟದೊಳಗಿನ ಮರ ಮರದಂತೆಯೇ ಗಡುಸಾಗಿ, ಕಬ್ಬಿಣ ಕಬ್ಬಿಣದಂತೆಯೇ ತಣ್ಣಗೆ ತಾಗುತ್ತದೆ. ಒಳಗೆ ಕತ್ತಿ ಬಡಿಯುವವರಿದ್ದಾರೆ, ಉಪ್ಪು ಕಾಯಿಸುವವರಿದ್ದಾರೆ, ಹಗ್ಗ ಹೊಸೆಯುವವರಿದ್ದಾರೆ. ಅವರು ಮಾಡಿದ್ದನ್ನು ಕೊಳ್ಳುವವರೂ ಆಡುವವರೇ. ಹೊರಗಿನ ನೋಟುಗಳು ಒಂದೊಂದಾಗಿ ಸತ್ತ ಕಾಲದಲ್ಲಿ ನಮ್ಮ ಮುತ್ತಜ್ಜಿಯರು ಆಟದ ನಾಣ್ಯವಾದ ಹೊನ್ನನ್ನೇ ತರಕಾರಿಗೂ ಬಾಡಿಗೆಗೂ ಬಳಸತೊಡಗಿದರು. ಕಾರಣ ಸರಳವಾಗಿತ್ತು. ನಿನ್ನೆ ಎಷ್ಟು ಹೊನ್ನು ಹುಟ್ಟಿತು, ಎಷ್ಟು ಅಳಿಯಿತು ಎಂಬುದು ಹೆಬ್ಬಾಗಿಲ ಮೇಲೆ ಎಲ್ಲರಿಗೂ ಕಾಣುವಂತೆ ಬರೆದಿರುತ್ತಿತ್ತು. ಬೇರೆ ಯಾವ ಹಣವೂ ತನ್ನ ಹೊಟ್ಟೆಯನ್ನು ಹೀಗೆ ತೆರೆದು ತೋರಿಸುತ್ತಿರಲಿಲ್ಲ.

ಅದೇ ಹೆಬ್ಬಾಗಿಲ ಎಡಕ್ಕೆ ಒಂದು ಸಲಹೆ ಪೆಟ್ಟಿಗೆ ಇದೆ. ಅದರ ಗಡಿಯಾರ ನಿಮ್ಮ ವರ್ಷದಲ್ಲಿ ನಿಂತದ್ದು ಮತ್ತೆ ಓಡಿಲ್ಲ. ಅದಕ್ಕೆ ಹಾಕಿದ ಓಲೆ ನಿಮ್ಮ ಓಲೆಗಳ ನಡುವೆ ಹೋಗಿ ಬೀಳುತ್ತದೆ ಎಂದು ತಿಳಿದವರು ಹೇಳುತ್ತಾರೆ. ಹಾಗಾದರೆ ನನ್ನ ಪತ್ರ ನೀವು ಈ ವಾರ ಬರೆದ ಒಂದು ಬೇಡಿಕೆಯ ಪಕ್ಕದಲ್ಲೇ ಬಿದ್ದಿರಬೇಕು. ಆ ಬೇಡಿಕೆಯ ಬಗ್ಗೆಯೇ ಬರೆಯುತ್ತಿದ್ದೇನೆ.

ಕಾಡಿನಲ್ಲಿ ನೀವು ಒಂದು ಹಂದಿಯನ್ನು ಕೆಡವಿದಾಗ ಅದರ ಹೊಟ್ಟೆಯಿಂದ ಹೊನ್ನು ಉದುರುತ್ತದೆ. ಆ ಹೊನ್ನು ಅದಕ್ಕೆ ಮೊದಲು ಯಾರ ಬಳಿಯೂ ಇರಲಿಲ್ಲ. ಆ ಕ್ಷಣ ಹುಟ್ಟಿತು. ಹೀಗೆ ಹೊನ್ನು ಹುಟ್ಟುವ ಜಾಗವನ್ನು ನಾವು ಊಟೆ ಎನ್ನುತ್ತೇವೆ, ನೆಲದಿಂದ ನೀರು ಜಿನುಗುವ ಜಾಗಕ್ಕೆ ಹಿರಿಯರು ಅನ್ನುತ್ತಿದ್ದ ಹಾಗೆ. ಆಡುವವರು ಹೆಚ್ಚಿದಷ್ಟೂ ಊಟೆ ಹೆಚ್ಚುತ್ತದೆ, ಹಂದಿಗಳಿಗಂತೂ ಕೊನೆಯಿಲ್ಲ. ಆಟವನ್ನು ಕಟ್ಟಿದವರು ದಡ್ಡರಾಗಿರಲಿಲ್ಲ. ಅವರು ಕೋಟೆಯ ನಡುವೆ ಒಂದು ಗುಂಡಿಯನ್ನೂ ತೋಡಿದರು. ಸೇತುವೆಯ ಸುಂಕ, ಮಳಿಗೆಯ ಬಾಡಿಗೆ, ಸವೆದ ಕತ್ತಿಯನ್ನು ಸರಿಮಾಡಿಸುವ ಕೂಲಿ ಎಲ್ಲವೂ ಅದಕ್ಕೆ ಬೀಳುತ್ತವೆ. ಬಿದ್ದದ್ದು ಯಾರಿಗೂ ಸೇರುವುದಿಲ್ಲ. ಇಂಗಿಹೋಗುತ್ತದೆ. ಅದಕ್ಕೇ ಅದು ಇಂಗುಗುಂಡಿ. ಊಟೆಯಿಂದ ಬಂದಷ್ಟು ಗುಂಡಿಯಲ್ಲಿ ಇಂಗಿದರೆ ರೊಟ್ಟಿಯ ಬೆಲೆ ನಿಂತಲ್ಲೇ ನಿಲ್ಲುತ್ತದೆ. ಇದನ್ನು ತಿಳಿಯಲು ಹೆಚ್ಚು ಓದಿರಬೇಕಾಗಿಲ್ಲ. ಕೆರೆಯ ಪಕ್ಕದಲ್ಲಿ ಹುಟ್ಟಿದ್ದರೆ ಸಾಕು.

ನೀವು ಆ ಗುಂಡಿಗೆ ಕಲ್ಲಿನ ಕಟ್ಟೆ ಕಟ್ಟಿಸಿದಿರಿ, ಗಂಟೆ ತೂಗುಹಾಕಿಸಿದಿರಿ. ಹಬ್ಬದ ದಿನ ನಿಮ್ಮ ಮನಸ್ಸಿನಿಂದಲೇ ಒಂದಿಷ್ಟು ಹೊನ್ನನ್ನು ಅದಕ್ಕೆ ಹಾಕುವ ಪದ್ಧತಿ ಬಂತು. ಅದು ಒಳ್ಳೆಯ ಪದ್ಧತಿಯಾಗಿತ್ತು. ಗುಂಡಿಯ ಸುತ್ತ ಗೋಡೆ, ಒಳಬರಲು ಒಂದು ಬಾಗಿಲು, ಹೊರಹೋಗಲು ಪಡುವಣ ಗೋಡೆಯಲ್ಲಿ ಒಂದು ಬಾಗಿಲು. ಹೊರಹೋಗುವುದಕ್ಕೆ ಬರಿಗೈ ಬಾಗಿಲು ಎಂದು ಹೆಸರು, ಏಕೆಂದರೆ ಅದರಿಂದ ಆಚೆ ಬರುವವರ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಆಮೇಲೆ ನಿಮ್ಮಲ್ಲಿ ಯಾರಿಗೋ ಅದು ಅಶುಭವೆನ್ನಿಸಿತು. ಕಾಣಿಕೆ ಹಾಕಿದವರು ಬರಿಗೈಯಲ್ಲಿ ಮನೆಗೆ ಹೋಗಬಾರದು, ಒಂದು ಚಿಟಿಕೆಯಾದರೂ ಪ್ರಸಾದ ಕೊಡಿ ಎಂದು ಈ ವಾರ ನೀವು ಸಲಹೆ ಪೆಟ್ಟಿಗೆಗೆ ಬರೆದು ಹಾಕಿದ್ದೀರಿ. ಸಾವಿರಾರು ಜನ ಅದಕ್ಕೆ ಕೈಜೋಡಿಸುತ್ತಿದ್ದೀರಿ. ಜಗತ್ತಿನ ಬೇರೆ ಆಟಗಾರರು ತಮ್ಮ ನಾಣ್ಯವನ್ನು ಹಾಳುಮಾಡಿಕೊಂಡದ್ದು ಕಳ್ಳತನದಿಂದ, ದುರಾಸೆಯಿಂದ. ನಾವು ಶಿಷ್ಟಾಚಾರದಿಂದ ಹಾಳುಮಾಡಿಕೊಂಡೆವು.

ಆಟ ನಡೆಸುವ ಕಂಪನಿ ನೂರು ಹಾಕಿದರೆ ಒಂದು ಎಂದು ಪ್ರಸಾದ ಕೊಟ್ಟಿತು. ಎಲೆಯ ದೊನ್ನೆಯಲ್ಲಿ, ಕುಂಕುಮದ ಬೊಟ್ಟಿಟ್ಟು. ಅದಕ್ಕೆಂದು ಹೊರಹೋಗಲು ಎರಡನೆಯ ಬಾಗಿಲು, ಬಾಗಿಲಿಗೊಂದು ಸಾಲು. ನಂತರದವರು ಒಂದು ಹೊನ್ನಿನ ಪ್ರಸಾದ ಜಿಪುಣತನವೆಂದು ಐದು ಮಾಡಿಸಿದರು. ಶ್ರಾವಣದಲ್ಲಿ ಹತ್ತಾಯಿತು, ಶ್ರಾವಣ ಮುಗಿದ ಮೇಲೂ ಹತ್ತೇ ಉಳಿಯಿತು. ಕತ್ತಿ ಸವೆಯುವುದು ಬೇಸರವೆಂದು ಸವೆತವನ್ನೇ ತೆಗೆಸಿದರು, ಸುಟ್ಟುಹೋದದ್ದನ್ನು ಕಂಡು ಮಕ್ಕಳಿಗೆ ದುಃಖವಾಗುತ್ತದೆಂದು ಬೆಂಕಿ ಏನನ್ನೂ ಸುಡದಂತೆ ಮಾಡಿಸಿದರು. ಕೊನೆಗೆ ಏಳುಕೋಟೆಯಲ್ಲಿ ಒಂದು ವಸ್ತು ಅಳಿಯಬೇಕೆಂದರೆ ಗುಂಡಿಯೊಂದೇ ದಾರಿ ಎಂಬಂತಾಯಿತು. ವಸ್ತುಗಳಿಗೂ ಅವತ್ತಿನ ಪೇಟೆಯ ಬೆಲೆ ಕಟ್ಟಿ ಪ್ರಸಾದ ಕೊಡಬೇಕೆಂದು ಹಟ ಹಿಡಿದರು, ಕಂಪನಿ ಕೊಟ್ಟಿತು. ಕಳೆದ ವರ್ಷ ಮತಕ್ಕೆ ಹಾಕಿ ನೂರಕ್ಕೆ ನೂರಾಹತ್ತು ಮಾಡಿದರು. ಕೊಟ್ಟದ್ದಕ್ಕಿಂತ ಹೆಚ್ಚು ಬಂದರೆ ಕೊಟ್ಟದ್ದು ಹೇಗಾಗುತ್ತದೆ ಎಂದು ಕೇಳಲು ಆ ಸಭೆಯಲ್ಲಿ ಒಬ್ಬ ಮೇಷ್ಟ್ರು ಎದ್ದು ನಿಂತಿದ್ದರು. ಅವರ ಹಿಂದೆ ಕೂತಿದ್ದ ಹೆಂಗಸು ಅವರ ಅಂಗಿಯ ತುದಿ ಹಿಡಿದು ಎಳೆದದ್ದನ್ನು ನಾನೇ ನೋಡಿದೆ. ಕೂಡ್ರಿ ಸರ, ದೇವರ ಮುಂದ ಲೆಕ್ಕ ಹಚ್ಚಬಾರದು ಅಂದಳು. ಅವರು ಕೂತರು. ಅಲ್ಲಿದ್ದವರಿಗೆಲ್ಲ ಕೂಡಿಸಿ ಕಳೆಯಲು ಬರುತ್ತಿತ್ತು.

ಪ್ರಸಾದದ ಸಾಲನ್ನು ನೀವು ಒಮ್ಮೆ ನೋಡಬೇಕಿತ್ತು. ಜನ ಸೂರ್ಯ ಹುಟ್ಟುವ ಮೊದಲೇ ಹೊನ್ನಿನ ಮೂಟೆಗಳನ್ನು ಎಳೆದುಕೊಂಡು ಬರುತ್ತಾರೆ. ಮೂಟೆಯನ್ನು ಗುಂಡಿಗೆ ಮಗುಚುವಾಗ ಕಣ್ಣು ಮುಚ್ಚುತ್ತಾರೆ, ತುಟಿ ಅಲ್ಲಾಡುತ್ತದೆ, ತೆರೆದ ಕ್ಷಣ ಎರಡೂ ಕೈ ಮುಂದಕ್ಕೆ ಚಾಚಿರುತ್ತವೆ. ಪಡೆದದ್ದನ್ನು ಅಲ್ಲೇ ತೂಗಿ, ಸುತ್ತು ಹೊಡೆದು, ಮತ್ತೆ ಸಾಲಿನ ಬಾಲ ಸೇರುತ್ತಾರೆ. ದೊನ್ನೆಗಳು ಕಾಲ ಕೆಳಗೆ ಮೊಣಕಾಲೆತ್ತರ ಬಿದ್ದಿರುತ್ತವೆ. ದಿನವಿಡೀ ಗಂಟೆ ಮೊಳಗುತ್ತಲೇ ಇರುತ್ತದೆ. ಆ ಸಾಲಿನಲ್ಲಿರುವವರ ಮುಖದಲ್ಲಿ ದುರಾಸೆ ಕಂಡಿದ್ದರೆ ನನಗೆ ಇಷ್ಟು ಹೇಸಿಗೆಯಾಗುತ್ತಿರಲಿಲ್ಲ. ಕಾಣುವುದು ತೃಪ್ತಿ. ಕಬ್ಬಿನ ರಸ ಕುಡಿದು ಗಲ್ಲ ಒರೆಸಿಕೊಳ್ಳದೆ ನಿಂತವರ ತೃಪ್ತಿ. ಇತ್ತ ಮನೆಯಲ್ಲಿ ರೊಟ್ಟಿ ಬೆಳಗಿಗೊಂದು ಬೆಲೆ, ಸಂಜೆಗೊಂದು ಬೆಲೆಯಾದಾಗ ಅದೇ ಜನ ಬೀದಿಯಲ್ಲಿ ನಿಂತು ರೊಟ್ಟಿ ಬಡಿಯುವವರನ್ನು ಬೈಯುತ್ತಾರೆ.

ಇಷ್ಟನ್ನು ಹೇಳಿದ್ದು ನನ್ನ ಚಿಗವ್ವನ ದೋಣಿಯ ವಿಷಯ ನಿಮಗೆ ಅರ್ಥವಾಗಲೆಂದು. ಚಿಗವ್ವ ನನ್ನ ತಾಯಿಯ ತಂಗಿ, ಹೆಸರು ಮೋನವ್ವ ಬಡಿಗೇರ. ಏಳುಕೋಟೆಯಲ್ಲಿ ದೋಣಿ ಕಟ್ಟುವವರಲ್ಲಿ ಅವಳಷ್ಟು ನಿಧಾನದವರು ಇನ್ನೊಬ್ಬರಿಲ್ಲ. ಬೇರೆಯವರು ವಾರಕ್ಕೊಂದು ದೋಣಿ ಇಳಿಸುವಾಗ ಅವಳು ವರ್ಷಕ್ಕೊಂದು ಇಳಿಸುತ್ತಿದ್ದಳು. ಹಲಗೆ ಬಗ್ಗಿಸುವ ದಿನಗಳಲ್ಲಿ ಮನೆಯಲ್ಲಿ ಯಾರೂ ಮಾತನಾಡುವಂತಿರಲಿಲ್ಲ. ಅವಳು ಕಿಟಕಿಯ ಬಳಿಯ ಸ್ಟೂಲಿನ ಮೇಲೆ ಕೂತು, ಗವಸು ತೊಟ್ಟ ಕೈಗಳನ್ನು ಗಾಳಿಯಲ್ಲಿ ಆಡಿಸುತ್ತಿದ್ದರೆ, ಏನೂ ಇಲ್ಲದಲ್ಲಿ ಏನನ್ನೋ ಒತ್ತಿ ಹಿಡಿದ ಆ ತೋಳುಗಳ ನರ ಉಬ್ಬುವುದನ್ನು ನಾವು ನೋಡುತ್ತಿದ್ದೆವು. ಹೊಗಳಿದರೆ ಸಿಟ್ಟಾಗುತ್ತಿದ್ದಳು, ಹೊಗಳದಿದ್ದರೆ ಇನ್ನೂ ಹೆಚ್ಚು.

ದೋಣಿಯವರಲ್ಲಿ ವೀಳ್ಯದ ಬೆಲೆ ಎಂಬ ಪದ್ಧತಿಯಿದೆ. ದೋಣಿಯ ಅಡಿಮರ ಇಡುವ ದಿನ ಮಾಡಿಸುವವನು ಮನೆಗೆ ಬಂದು ನಿಜವಾದ ವೀಳ್ಯದೆಲೆ ಕೊಟ್ಟು ಒಂದು ಬೆಲೆ ಹೇಳುತ್ತಾನೆ. ಕಟ್ಟುವವಳು ಎಲೆ ತೆಗೆದುಕೊಂಡರೆ ಆ ಬೆಲೆ ಮತ್ತೆ ಬದಲಾಗುವುದಿಲ್ಲ, ಯಾರ ಮನೆ ಮುಳುಗಿದರೂ ಬದಲಾಗುವುದಿಲ್ಲ. ಅದರಿಂದ ಬಿಡುಗಡೆ ಒಂದೇ. ದೋಣಿ ನೀರು ಮುಟ್ಟುವ ಮೊದಲೇ ಅಳಿದುಹೋದರೆ ಮಾತು ಇಬ್ಬರಿಗೂ ತೀರಿದಂತೆ. ಬೆಲೆಗಳು ನಿಂತಲ್ಲಿ ನಿಂತಿದ್ದ ಕಾಲದ ಪದ್ಧತಿ ಇದು. ಅಡಿಮರ ಇಟ್ಟಾಗ ರೊಟ್ಟಿ ಮುನ್ನೂರಿತ್ತು. ರಾಚೋಟಿ ಹಂಚಿನಾಳ ಎಂಬ ನಮ್ಮ ಸೆಕ್ಟರಿನವನು ಒಂಬತ್ತು ಲಕ್ಷ ಎಂದ. ಒಂದು ಮನೆಯವರು ವರ್ಷ ಉಣ್ಣುವಷ್ಟು. ಚಿಗವ್ವ ಎಲೆ ತೆಗೆದುಕೊಂಡಳು. ಮರುವಾರವೇ ಆ ಮತ ನಡೆದು ಪ್ರಸಾದ ನೂರಾಹತ್ತಾಯಿತು.

ರಾಚೋಟಿ ಕೆಟ್ಟವನಲ್ಲ ಎಂದು ಎಲ್ಲರೂ ಹೇಳುತ್ತಾರೆ. ಮೊನ್ನೆ ಬಂದಾಗಲೂ ಅಮೀನಗಡದ ಕರದಂಟು ತಂದಿದ್ದ. ಚಪ್ಪಲಿ ಬಿಡುತ್ತಲೇ ಕೂಗಿದ.

"ಏನ್ ಮೋನವ್ವಕ್ಕಾ, ದೋಣಿ ತಯಾರಾತಂತಲ್ಲ! ಊರೆಲ್ಲಾ ಅದರ ಸುದ್ದೀನ ಐತಿ."

"ದೋಣಿ ತಯಾರೈತಿ. ರೊಕ್ಕ ತಂದೀಯೇನ?"

"ಒಂಬತ್ತ ಲಕ್ಷ. ಒಂದೂ ಕಡಿಮಿ ಇಲ್ಲ. ಮಾತಂದ್ರ ಮಾತು."

"ಒಂಬತ್ತ ಲಕ್ಷಕ್ಕ ಇವತ್ತ ಎರಡ ರೊಟ್ಟಿ ಬರತಾವ ತಮ್ಮಾ. ಪಲ್ಯಾನೂ ನೀನ ತರ್ತೀಯೋ, ನಾ ಮಾಡ್ಲೋ?"

ಅವನು ನಕ್ಕ. ನಾಚಿಕೆಯಾದವನ ನಗು ಅದಾಗಿರಲಿಲ್ಲ. "ಅಕ್ಕಾ, ಎಲಿ ತಗೊಂಡಾಕಿ ನೀನ. ನಾ ಏನ್ ನಿನ್ನ ಕೈ ತಿರುವಿ ಕೊಟ್ನೇನ?"

"ತಗೊಂಡೇನಿ. ಇಲ್ಲ ಅಂದ್ನೇನ? ಒಯ್ಯಿ. ಎಲ್ಲಿ ಇಳಸ್ತಿ ಹೇಳು. ಮಡುವಿನ್ಯಾಗ ಇಳಸಿದ್ರ ಮೊದಲ ಎರಡ ದಿನಾ ಭಾರ ಹೇರಬ್ಯಾಡ, ಹಲಗಿ ನೀರ ಕುಡೀಬೇಕು."

"ಇಳಸೂದಾ?" ರಾಚೋಟಿ ಕರದಂಟಿನ ಪೊಟ್ಟಣದ ದಾರ ಬಿಚ್ಚುತ್ತ ಹೇಳಿದ. "ಯಾವ ಮಡು ಅಕ್ಕಾ? ನಿನ್ನ ಕೈಯಾಗಿನ ದೋಣಿಗೆ ಪ್ಯಾಟ್ಯಾಗ ನಾಕ ನೂರ ಕೋಟಿ ಕಟ್ಯಾರ. ಸೀದಾ ಗುಂಡಿಗೆ. ನಾಕ ನೂರ ನಲವತ್ತಾಗಿ ಬರತೈತಿ. ಹತ್ತ ಸುತ್ತ ಹೊಡದ್ರ ಲೆಕ್ಕಾನ ಇಲ್ಲ!"

ಚಿಗವ್ವ "ನಾಳೆ ಬಾ" ಎಂದಳು. ಅವನು ಹೋದ ಮೇಲೆ ಪೊಟ್ಟಣವನ್ನು ಮುಟ್ಟಲಿಲ್ಲ, ನಮಗೂ ಮುಟ್ಟಗೊಡಲಿಲ್ಲ.

ಎರಡು ರೊಟ್ಟಿಗೆ ದೋಣಿ ಕೊಡಲು ಅವಳು ಸಿದ್ಧಳಿದ್ದಳು. ಇದು ನಿಮಗೆ ಗೊತ್ತಿರಬೇಕು. ಮಾತು ತಪ್ಪುವುದು ಅವಳಿಗೆ ಆಗದ ಕೆಲಸ. ನೀರನ್ನೇ ಕಾಣದ ದೋಣಿಗಾಗಿ ವರ್ಷವಿಡೀ ಹಲಗೆ ಬಗ್ಗಿಸಿದೆ ಎಂಬುದನ್ನು ಮಾತ್ರ ಅವಳು ನುಂಗಲಾರಳು. ಮರುದಿನ ಬೆಳಗ್ಗೆ ಗವಸು ತೊಟ್ಟು, ನನಗೂ ಒಂದು ಜೊತೆ ಕೊಟ್ಟು, "ಹಿಡಿ, ಹಿಂದಿನ ತುದಿ ನಿಂದು" ಎಂದಳು. ದೋಣಿಯನ್ನು ಉರುಳೆಗಳ ಮೇಲೆ ತಳ್ಳುತ್ತ ಏಳುಕೋಟೆಯ ಪೇಟೆಯ ನಡುವೆ ಹೋದೆವು. ಏನು ಮಾಡುತ್ತಾಳೆಂದು ನನಗೆ ಆಗಲೇ ತಿಳಿದಿತ್ತು. ತನ್ನ ಕೈಯಿಂದಲೇ ದೋಣಿಯನ್ನು ಅಳಿಸುತ್ತಾಳೆ. ಅದು ನೀರು ಮುಟ್ಟಿಲ್ಲವಾದ್ದರಿಂದ ವೀಳ್ಯದ ಮಾತು ತೀರುತ್ತದೆ. ರಾಚೋಟಿಯ ಒಂಬತ್ತು ಲಕ್ಷ ರಾಚೋಟಿಗೆ ಉಳಿಯುತ್ತದೆ, ಅವಳ ಪಾಲಿಗೆ ಏನೂ ಉಳಿಯುವುದಿಲ್ಲ. ಪ್ರಸಾದದ ಸಾಲಿನತ್ತ ತಿರುಗದೆ ಬರಿಗೈ ಬಾಗಿಲಿನಿಂದ ಹೊರಬರುತ್ತಾಳೆ. ಆ ಬಾಗಿಲಿನಿಂದ ಹೊರಬಂದವರನ್ನು ನಾನು ನನ್ನ ಜೀವಮಾನದಲ್ಲಿ ಕಂಡಿರಲಿಲ್ಲ.

ಗುಂಡಿಯ ಕಟ್ಟೆಯ ಮೇಲೆ ಜನ ಸೇರಿದರು. ದೋಣಿಯ ಮೂತಿ ಅಂಚಿನ ಆಚೆ ವಾಲಿದಾಗ ಚಿಗವ್ವ ಅದರ ಪಕ್ಕೆಯ ಮೇಲೆ ಒಮ್ಮೆ ಅಂಗೈ ಇಟ್ಟಳು. ಕೀಲುಗಳು ಬಿಗಿಯಾಗಿವೆಯೇ ಎಂದು ನೋಡುವಾಗ ಇಡುವ ಹಾಗೆಯೇ. ಆಮೇಲೆ ತಳ್ಳಿದಳು. ಅದು ಸದ್ದಿಲ್ಲದೆ ಹೋಯಿತು. ಅವಳು ತಿರುಗಿ ನೋಡದೆ ಪಡುವಣ ಗೋಡೆಯ ಕಡೆ ನಡೆದಳು, ನಾನು ಹಿಂದೆ ನಡೆದೆ.

ಬಾಗಿಲಿದ್ದ ಜಾಗದಲ್ಲಿ ಒಂದು ಅಂಗಡಿಯಿತ್ತು. ಪ್ರಸಾದ ತುಂಬಿಕೊಳ್ಳುವ ಚೀಲಗಳ ಅಂಗಡಿ. ಕೆಂಪು, ಹಸಿರು, ಜರಿಯಂಚಿನವು, ಮಕ್ಕಳಿಗೆಂದು ಆನೆ ಬರೆದಿದ್ದವು.

"ಇಲ್ಲಿ ಬಾಗಲಾ ಇತ್ತಲ್ಲ?" ಎಂದು ಚಿಗವ್ವ ಕೇಳಿದಳು.

ಅಂಗಡಿಯವಳು ಚೀಲ ಮಡಿಸುತ್ತಿದ್ದಳು. "ಇತ್ತಂತ ಬೇ. ಯಾರೂ ಹೋಗಾಂಗಿಲ್ಲ, ಬರಾಂಗಿಲ್ಲ, ಸುಮ್ನ ಗಾಳಿ ಬರ್ತಿತ್ತು ಅಂತ ಮುಚ್ಯಾರ. ದೊಡ್ಡ ಚೀಲಾ ಕೊಡ್ಲ್ಯಾ?"

ಹೊರಹೋಗಲು ಇದ್ದದ್ದು ಪ್ರಸಾದದ ಬಾಗಿಲೊಂದೇ. ಚಿಗವ್ವ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹೊಸ್ತಿಲು ದಾಟಿದಳು. ಕೈ ಕಟ್ಟಿಕೊಂಡವರಿಗೆ ಮಡಿಲಿಗೆ ಸುರಿಯುವ ಏರ್ಪಾಡನ್ನು ಯಾರೋ ಎಂದೋ ಮಾಡಿಟ್ಟಿದ್ದರು. ಗಂಟೆ ಹೊಡೆಯಿತು, ಶಂಖ ಮೊಳಗಿತು, ಅವಳ ಹೆಸರನ್ನು ಊರಿಗೆಲ್ಲ ಕೇಳುವಂತೆ ಕೂಗಿದರು, ನಾನೂರ ನಲವತ್ತು ಕೋಟಿ ಹೊನ್ನು ಅವಳ ಸೆರಗಿನ ಮೇಲಿಂದ, ಮೊಣಕಾಲಿನ ಮೇಲಿಂದ, ಕಾಲ ಬೆರಳುಗಳ ನಡುವಿಂದ ಹರಿಯಿತು. ಜನ ಚಪ್ಪಾಳೆ ತಟ್ಟಿದರು. ಅವಳು ಅದನ್ನು ಕೊಡವಿಕೊಳ್ಳುತ್ತಿದ್ದಳು, ಇರುವೆ ಹತ್ತಿದವರು ಕೊಡವಿಕೊಳ್ಳುವ ಹಾಗೆ. ಕೊಡವಿದಷ್ಟೂ ಅವಳ ಹೆಸರಿನ ಮುಂದೆಯೇ ಬಂದು ಜಮೆಯಾಗುತ್ತಿತ್ತು.

ರಾಚೋಟಿ ಗುಂಪನ್ನು ಸೀಳಿಕೊಂಡು ಬಂದ. ಅವನು ಕೂಗಾಡಿದ್ದರೆ, ಬೈದಿದ್ದರೆ, ಅವಳಿಗೆ ಸಮಾಧಾನವಾಗುತ್ತಿತ್ತೆಂದು ನನಗನ್ನಿಸುತ್ತದೆ. ಅವನ ಮುಖ ಮೆಚ್ಚುಗೆಯಿಂದ ಅರಳಿತ್ತು.

"ಅಕ್ಕಾ, ಎಂಥಾ ಜಾಣಿ ಬೇ ನೀ! ಮಾತು ಮುರೀಲಾರ್ದ ಮಾತಿನಿಂದ ಪಾರಾಗಿ ಗಂಟೂ ಹೊಡದಿ. ನನಗರೆ ಹೊಳದಿತ್ತೇನ ಇದು? ಮೊದಲ ಹೇಳಿದ್ರ ಅರ್ಧಾ ಪಾಲಿಗೆ ನಾನೂ ದೋಣಿ ನೂಕಾಕ ಬರ್ತಿದ್ನಲ್ಲ!"

ಊರಿನಲ್ಲಿ ಈಗ ನಡೆಯುತ್ತಿರುವುದು ಇದೇ ಕಥೆ. ಮೋನವ್ವ ಬಡಿಗೇರ ವೀಳ್ಯದ ಮಾತಿಗೆ ಸಂದು ಹುಡುಕಿ ಲಾಭ ಮಾಡಿಕೊಂಡಳು. ಇದನ್ನು ಅವರು ನಿಂದೆಯಾಗಿ ಹೇಳುತ್ತಿಲ್ಲ. ಹಾದಿಯಲ್ಲಿ ಹೋಗುವವರು ನಿಂತು ಅವಳಿಗೆ ನಮಸ್ಕಾರ ಮಾಡುತ್ತಾರೆ, ಮಕ್ಕಳಿಗೆ ತೋರಿಸುತ್ತಾರೆ. ನಿನ್ನೆ ಮೂವರು ವೀಳ್ಯದೆಲೆ ಹಿಡಿದು ಬಂದಿದ್ದರು, ದೋಣಿ ಬೇಕೆಂದು. ವರ್ಷ ಕಾಯಬೇಕು ಎಂದೆ. ಅವರಲ್ಲಿ ವಯಸ್ಸಾದವನು ನನ್ನ ಮೇಲೆ ಕನಿಕರಪಟ್ಟ. "ಯಾಕವ್ವಾ ವರ್ಷ? ತಳಾ ಇಲ್ಲದಿದ್ರೂ ನಡೀತೈತಿ. ಗುಂಡಿ ಏನ್ ತಳಾ ನೋಡತೈತೇನ?" ಒಳಗಿನಿಂದ ಚಿಗವ್ವ ಕೇಳಿಸಿಕೊಂಡಳು. ಅವಳು ಹೊರಗೆ ಬಂದು ಬೈಯುತ್ತಾಳೆಂದು ಕಾದೆ. ಬರಲಿಲ್ಲ. ಅವರು ಹೋದ ಮೇಲೆ ಒಳಗೆ ಹೋಗಿ ನೋಡಿದರೆ ಗವಸನ್ನು ಕಳಚಿ ನೀರಿನ ಕೊಡದ ಬಾಯಿ ಒರೆಸಲು ಬಳಸುತ್ತಿದ್ದಳು.

ಇವತ್ತು ಬೆಳಗಿನಿಂದ ಅವಳು ರೊಟ್ಟಿ ಬಡಿಯುತ್ತಿದ್ದಾಳೆ. ಮಾರುತ್ತಾಳಂತೆ. ಹೊನ್ನು ತೆಗೆದುಕೊಳ್ಳುವುದಿಲ್ಲವಂತೆ, ಒಂದು ಕೊಡ ನೀರು ತಂದವರಿಗೆ ಎರಡು, ಸೌದೆ ಸೀಳಿದವರಿಗೆ ನಾಲ್ಕು. ರೊಟ್ಟಿಯೇ ಯಾಕೆ ಎಂದು ಕೇಳಿದೆ. ತಿಂದರೆ ಮುಗೀತೈತಲ್ಲ ಎಂದಳು. ಅವಳ ಕೈ ಇನ್ನೂ ಹಲಗೆಯ ಅಂಚನ್ನು ಹುಡುಕುತ್ತದೆ. ರೊಟ್ಟಿಯ ಸುತ್ತ ಹೆಬ್ಬೆರಳು ಓಡಿಸಿ, ಸಮನಾಗಿದೆಯೇ ಎಂದು ನೋಡಿ, ಆಮೇಲೆ ಹೆಂಚಿಗೆ ಹಾಕುತ್ತಾಳೆ.

ನಿಮ್ಮ ಮೇಲೆ ನನಗೆ ಗೌರವವಿಲ್ಲ. ಅದನ್ನು ಮುಚ್ಚಿಡುವುದೂ ಒಂದು ಬಗೆಯ ಪ್ರಸಾದವಾದೀತು. ಆದರೂ ಬೇಡುವುದೊಂದಿದೆ. ಇನ್ನೆರಡು ದಿನದಲ್ಲಿ ನಿಮ್ಮ ಆ ಒಂದು ಚಿಟಿಕೆಯ ಬೇಡಿಕೆ ಮತಕ್ಕೆ ಬರುತ್ತದೆ. ನೀವು ಸೋಲಿಸಲಾರಿರಿ, ನನಗೆ ಗೊತ್ತು. ಅದು ಬಹಳ ಸಭ್ಯವಾದ ಬೇಡಿಕೆ. ಆದ್ದರಿಂದ ಅದಕ್ಕಿಂತ ಚಿಕ್ಕದನ್ನು ಕೇಳುತ್ತೇನೆ. ಪ್ರಸಾದದ ಬಾಗಿಲು ತೆರೆದ ಮೇಲೂ ಪಡುವಣ ಗೋಡೆಯಲ್ಲಿ ಹಳೆಯ ಬಾಗಿಲು ಉಳಿದಿರುತ್ತದೆ. ಹಬ್ಬಕ್ಕೊಮ್ಮೆ, ನಿಮ್ಮಲ್ಲಿ ಯಾರಾದರೂ ಒಬ್ಬರು, ಹಾಕಬೇಕಾದ್ದನ್ನು ಹಾಕಿ ಅದರಿಂದ ಹೊರಗೆ ಹೋಗಿ. ನಿಮ್ಮ ಮಕ್ಕಳಿಗೂ ಅದನ್ನು ತೋರಿಸಿ. ಬಾಗಿಲು ಮುಚ್ಚುವವರು ಬಂದು ನೋಡಿದಾಗ ಹೊಸ್ತಿಲ ಮೇಲೆ ಹೆಜ್ಜೆಯ ಧೂಳು ಇರಲಿ. ಒಬ್ಬರ ಧೂಳಿದ್ದರೂ ಸಾಕು, ಅವರು ಇನ್ನೊಂದು ವರ್ಷ ಬಿಟ್ಟುಹೋಗುತ್ತಾರೆ.

ಯಾರಿಗೆ ಬರೆಯುತ್ತಿದ್ದೀ ಎಂದು ಚಿಗವ್ವ ಒಲೆಯ ಮುಂದಿನಿಂದ ಈಗಷ್ಟೇ ಕೇಳಿದಳು. ಹೇಳಿದೆ. ಹಿಟ್ಟಿನ ಕೈ ಒರೆಸಿಕೊಳ್ಳದೆ ಅವಳು ಅಂದದ್ದನ್ನು ಹಾಗೆಯೇ ಬರೆಯುತ್ತೇನೆ: "ಬರಿಗೈಲೆ ಮನಿಗೆ ಬಂದ್ರ ಮನ್ಯಾಗ ಯಾರ ಬೈತಿದ್ರಂತ, ಕೇಳು ಅವರ್ನ."

ಅನಸೂಯಾ
ರೊಟ್ಟಿ ನಾಲ್ಕು ಲಕ್ಷ ತೊಂಬತ್ತು ಸಾವಿರ, ಸಂಜೆ
ನಮ್ಮ ಮನೆಯಲ್ಲಿ, ಒಂದು ಕೊಡ ನೀರಿಗೆ ಎರಡು